ಗೇರ್‌ಬಾಕ್ಸ್ ಇಳಿಸುವ ಮೊದಲು

ಸಕಲೇಶಪುರದಲ್ಲಿ, ಶಿರಾಡಿ ಘಾಟಿಗೆ ಇಳಿಯುವ ರಸ್ತೆಯ ಪಕ್ಕದ ಗ್ಯಾರೇಜು. ಮಾತಾಡುತ್ತಿರುವವರು ನಿವೃತ್ತರಾದ ವಿಜ್ಞಾನದ ಮೇಷ್ಟ್ರು ಮತ್ತು ಅವರ ಹಳೆಯ ವಿದ್ಯಾರ್ಥಿಯಾದ ಮೆಕ್ಯಾನಿಕ್.

ಮೇಷ್ಟ್ರು: ನೋಡಪ್ಪಾ, ಪೇಟೆಯ ಗ್ಯಾರೇಜಿನವರು ಗೇರ್‌ಬಾಕ್ಸೇ ಹೋಗಿದೆ ಅಂದುಬಿಟ್ಟರು. ಇಳಿಸಬೇಕು, ಬಿಚ್ಚಬೇಕು, ಒಳಗಿನ ಸಾಮಾನು ಬದಲಾಯಿಸಬೇಕಂತೆ. ಹಳೇ ಆಲ್ಟೊ ಇದು, ಅವರು ಹೇಳಿದ ಮೊತ್ತ ಗಾಡಿಯ ಅರ್ಧ ಬೆಲೆ ಆಗುತ್ತೆ. ಅದಕ್ಕೇ ನಿನ್ನನ್ನೊಂದು ಮಾತು ಕೇಳೋಣ ಅಂತ ಬಂದೆ.

ಮೆಕ್ಯಾನಿಕ್: ಅವರು ಹೇಳಿದ್ದು ಆಮೇಲೆ ನೋಡೋಣ ಮೇಷ್ಟ್ರೇ. ಗಾಡಿ ಏನು ಮಾಡುತ್ತೆ ಅಂತ ನೀವು ಹೇಳಿ.

ಮೇಷ್ಟ್ರು: ಗೇರ್ ಬೀಳಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿ ಫಸ್ಟ್ ಹಾಕೋಕೆ ಹೋದರೆ ಒದ್ದಾಡಬೇಕು. ರಿವರ್ಸ್ ಹಾಕಿದರೆ ಪಕ್ಕದ ಮನೆಯವರು ಹೊರಗೆ ಬಂದು ನೋಡುವಷ್ಟು ಕರಕರ ಸದ್ದು.

ಮೆಕ್ಯಾನಿಕ್: ಇಂಜಿನ್ ಆಫ್ ಇದ್ದಾಗ ಗೇರ್ ಬೀಳುತ್ತಾ?

ಮೇಷ್ಟ್ರು: ಅದನ್ನು ಯಾರೂ ನೋಡಲಿಲ್ಲ.

ಮೆಕ್ಯಾನಿಕ್: ಹಾಗಾದರೆ ಈಗ ನೋಡಿ. ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕೀ ಆಫ್ ಮಾಡಿ. ಕ್ಲಚ್ ಒತ್ತಿ ಒಂದೊಂದೇ ಗೇರ್ ಹಾಕುತ್ತಾ ಹೋಗಿ. ಬಲ ಹಾಕಬೇಡಿ, ಎರಡು ಬೆರಳಲ್ಲಿ ಎಷ್ಟು ಹೋಗುತ್ತೋ ಅಷ್ಟೇ.

ಮೇಷ್ಟ್ರು: ಐದೂ ಬಿತ್ತು. ರಿವರ್ಸೂ ಬಿತ್ತು, ಸದ್ದೇ ಇಲ್ಲ.

ಮೆಕ್ಯಾನಿಕ್: ಅಂದರೆ ಗೇರ್ ಲಿವರಿನಿಂದ ಬಾಕ್ಸಿನವರೆಗಿನ ರಾಡು, ಒಳಗಿನ ಫೋರ್ಕು ಎಲ್ಲ ತಮ್ಮ ಜಾಗದಲ್ಲಿವೆ. ಈಗ ನ್ಯೂಟ್ರಲ್ ಮಾಡಿ ಸ್ಟಾರ್ಟ್ ಮಾಡಿ. ಕ್ಲಚ್ ನೆಲಕ್ಕೆ ಮುಟ್ಟುವವರೆಗೆ ಒತ್ತಿ ಹಿಡಿದು, ಮನಸ್ಸಲ್ಲೇ ಐದು ಎಣಿಸಿ, ಆಮೇಲೆ ನಿಧಾನಕ್ಕೆ ರಿವರ್ಸ್ ಹಾಕಿ.

ಮೇಷ್ಟ್ರು: ಕೇಳಿಸ್ತಾ? ಇದೇ ಸದ್ದು.

ಮೆಕ್ಯಾನಿಕ್: ಕೇಳಿಸ್ತು. ಸಾಕು, ಇನ್ನೊಂದು ಸಲ ಬೇಡ, ಹಲ್ಲು ಸವೆಯುತ್ತೆ. ಗೇರ್‌ಬಾಕ್ಸಿನ ಶಾಫ್ಟು ಇನ್ನೂ ತಿರುಗ್ತಾ ಇದೆ ಮೇಷ್ಟ್ರೇ. ಪೆಡಲ್ ನೆಲ ಮುಟ್ಟಿದ್ದರೂ ಕ್ಲಚ್ ಪೂರ್ತಿ ಬಿಟ್ಟಿಲ್ಲ. ಬಿಟ್ಟಿದ್ದರೆ ಐದು ಎಣಿಸುವಷ್ಟರಲ್ಲಿ ಶಾಫ್ಟು ನಿಲ್ಲಬೇಕಿತ್ತು.

ಮೇಷ್ಟ್ರು: ಫಸ್ಟಿಗಿಂತ ರಿವರ್ಸಿನಲ್ಲೇ ಯಾಕೆ ಇಷ್ಟು ಸದ್ದು?

ಮೆಕ್ಯಾನಿಕ್: ಮುಂದಿನ ಗೇರ್‌ಗಳಿಗೆ ಸಿಂಕ್ರೊ ರಿಂಗ್ ಇರುತ್ತೆ, ತಿರುಗ್ತಾ ಇರೋ ಗೇರಿನ ವೇಗವನ್ನು ಅದೇ ಹೊಂದಿಸಿಕೊಡುತ್ತೆ. ಈ ಗಾಡಿಯಲ್ಲಿ ರಿವರ್ಸಿಗೆ ಅದಿಲ್ಲ. ಹಲ್ಲಿಗೆ ಹಲ್ಲು ನೇರವಾಗಿ ಜಾರಿಕೊಂಡು ಸೇರಬೇಕು. ಅದಕ್ಕೇ ಕ್ಲಚ್ ಸರಿಯಾಗಿ ಬಿಡ್ತಿದೆಯಾ ಅಂತ ನೋಡೋಕೆ ರಿವರ್ಸಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಮೇಷ್ಟ್ರು: ಸರಿ, ಕ್ಲಚ್ ಬಿಡ್ತಿಲ್ಲ. ಆದರೆ ಕ್ಲಚ್ ಇರೋದು ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ. ಏನೇ ಆದರೂ ಇಳಿಸಲೇಬೇಕಲ್ಲ?

ಮೆಕ್ಯಾನಿಕ್: ಅದನ್ನು ಹೊರಗಿನಿಂದಲೇ ತಿಳಿಯಬಹುದು. ಬಾನೆಟ್ ಎತ್ತಿದ್ದೀನಿ, ಬನ್ನಿ. ಇಲ್ಲಿ ಗೇರ್‌ಬಾಕ್ಸಿನ ಮೇಲೆ ಒಂದು ಪುಟ್ಟ ಲಿವರ್ ಕಾಣುತ್ತಲ್ಲ, ನೀವು ಪೆಡಲ್ ಒತ್ತಿದಾಗ ಕೇಬಲ್ ಎಳೆಯೋದು ಇದನ್ನೇ. ಲಿವರ್ ತಿರುಗಿದರೆ ಒಳಗೆ ಫೋರ್ಕು ರಿಲೀಸ್ ಬೇರಿಂಗನ್ನು ಮುಂದಕ್ಕೆ ತಳ್ಳುತ್ತೆ. ಬೇರಿಂಗ್ ಹೋಗಿ ಪ್ರೆಶರ್ ಪ್ಲೇಟಿನ ನಡುವಿನ ಉಕ್ಕಿನ ಬೆರಳುಗಳನ್ನು ಒತ್ತುತ್ತೆ. ಆಗ ಪ್ರೆಶರ್ ಪ್ಲೇಟ್ ಹಿಂದೆ ಸರಿದು, ಅದಕ್ಕೂ ಇಂಜಿನ್ನಿನ ಫ್ಲೈವೀಲಿಗೂ ನಡುವೆ ಸಿಕ್ಕಿದ್ದ ಕ್ಲಚ್ ಪ್ಲೇಟ್ ಬಿಡುಗಡೆ ಆಗುತ್ತೆ. ನಿಮ್ಮ ಕಾಲು ಇಷ್ಟುದ್ದ ಹೋದರೂ ಅಲ್ಲಿ ಪ್ಲೇಟ್ ಸರಿಯೋದು ಒಂದೆರಡು ಮಿಲಿಮೀಟರ್ ಅಷ್ಟೇ. ಹಾಗಾಗಿ ದಾರಿಯಲ್ಲಿ ಎಲ್ಲಾದರೂ ಸ್ವಲ್ಪ ಎಳೆತ ಕಳೆದುಹೋದರೂ ಪ್ಲೇಟ್ ಅಂಟಿಕೊಂಡೇ ಉಳಿಯುತ್ತೆ. ಈಗ ನಮ್ಮ ಗ್ಯಾರೇಜಿನ ಹುಡುಗ ಪೆಡಲ್ ಒತ್ತುತ್ತಾನೆ, ನೀವು ಲಿವರ್ ನೋಡಿ.

ಮೇಷ್ಟ್ರು: ಪೆಡಲ್ ಅರ್ಧಕ್ಕೆ ಹೋದ ಮೇಲೆ ಲಿವರ್ ಅಲುಗಾಡ್ತಿದೆ. ಅದೂ ಸ್ವಲ್ಪವೇ.

ಮೆಕ್ಯಾನಿಕ್: ಅಲ್ಲೇ ಇರೋದು ವಿಷಯ. ಲಿವರ್ ಪೂರ್ತಿ ತಿರುಗಿಯೂ ಕ್ಲಚ್ ಬಿಡದಿದ್ದರೆ ರೋಗ ಒಳಗಿದೆ, ಇಳಿಸಲೇಬೇಕು. ಲಿವರೇ ಪೂರ್ತಿ ತಿರುಗದಿದ್ದರೆ ರೋಗ ಹೊರಗಿದೆ. ಪೆಡಲನ್ನು ಕೈಯಲ್ಲಿ ಒತ್ತಿ ನೋಡಿ. ಗಟ್ಟಿಯಾಗುವ ಮೊದಲು ಸಡಿಲವಾಗಿ ಹೋಗುವ ದೂರ ಇದೆಯಲ್ಲ, ಅದನ್ನು ನಾವು ಪ್ಲೇ ಅಂತೀವಿ. ಇಂಥ ಕೇಬಲ್ ಗಾಡಿಗಳಲ್ಲಿ 15ರಿಂದ 25 ಮಿಲಿಮೀಟರ್ ಆಸುಪಾಸು ಇರಬೇಕು, ನಿಖರವಾದ ಅಳತೆ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತೆ. ನಿಮ್ಮದರಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿದೆ. ಕೇಬಲ್ಲಿನ ಈ ತುದಿ ನೋಡಿ, ಕವರಿನಿಂದ ಹೊರಬರುವ ಜಾಗ.

ಮೇಷ್ಟ್ರು: ಎಳೆಗಳು ಕಿತ್ತು ನಿಂತಿವೆ. ಬೆರಳಿಗೆ ಚುಚ್ಚುತ್ತೆ.

ಮೆಕ್ಯಾನಿಕ್: ಮುಟ್ಟಬೇಡಿ. ಹಲವು ಎಳೆ ಸೇರಿಸಿ ಹೊಸೆದ ತಂತಿ ಅದು. ಹೊರಗಿನ ಎಳೆ ಒಂದೊಂದಾಗಿ ತುಂಡಾದರೆ ಉಳಿದವುಗಳ ಮೇಲೆ ಭಾರ ಬಿದ್ದು ಅವು ಹಿಗ್ಗುತ್ತವೆ. ಕಿತ್ತ ಎಳೆ ಕವರಿನೊಳಗೆ ಸುತ್ತಿಕೊಂಡು ಪೆಡಲೂ ಗಟ್ಟಿಯಾಗುತ್ತೆ. ತಾಳಿ, ಈ ನಟ್ಟನ್ನು ಸದ್ಯಕ್ಕೆ ಒಂದಿಷ್ಟು ಬಿಗಿ ಮಾಡ್ತೀನಿ. ಈಗ ಸ್ಟಾರ್ಟ್ ಮಾಡಿ ರಿವರ್ಸ್ ಹಾಕಿ.

ಮೇಷ್ಟ್ರು: ಬಿತ್ತು! ಸದ್ದೇ ಬರಲಿಲ್ಲ.

ಮೆಕ್ಯಾನಿಕ್: ಕೇಬಲ್ ಬದಲಾಯಿಸೋಣ. ಗೇರ್‌ಬಾಕ್ಸ್ ಇಳಿಸೋದು ಬೇಡ.

ಮೇಷ್ಟ್ರು: ಹಾಗಾದರೆ ಅವರು ಯಾಕೆ ಹಾಗೆ ಹೇಳಿದರು? ಮೋಸ ಅಂತೀಯಾ?

ಮೆಕ್ಯಾನಿಕ್: ಮೋಸ ಅಂತ ನಾನು ಹೇಳಲ್ಲ. ನೋವು ಕಾಣಿಸೋದು ಗೇರಿನಲ್ಲಿ, ಹಾಗಾಗಿ ಕೈ ನೇರವಾಗಿ ಗೇರ್‌ಬಾಕ್ಸಿಗೆ ಹೋಗುತ್ತೆ. ಇನ್ನೊಂದು ಮಾತೂ ಇದೆ, ನನ್ನ ಕಸುಬಿನವರ ಬಗ್ಗೆಯೇ ಹೇಳ್ತಿದ್ದೀನಿ. ಬಾಕ್ಸ್ ಇಳಿಸಿದರೆ ಒಂದು ದಿನದ ಕೂಲಿ ಬಿಲ್ಲಿಗೆ ಬರುತ್ತೆ. ಪಕ್ಕದಲ್ಲಿ ನಿಂತು ಸದ್ದು ಕೇಳಿ, ಲಿವರ್ ನೋಡಿ, ರೋಗ ಎಲ್ಲಿದೆ ಅಂತ ಹುಡುಕಿದರೆ ಅದಕ್ಕೆ ಯಾರೂ ದುಡ್ಡು ಕೊಡಲ್ಲ. ಹುಡುಕುವ ಕೆಲಸಕ್ಕೂ ಬೆಲೆ ಇದೆ ಅಂತ ಗಿರಾಕಿಗಳು ಒಪ್ಪಿಕೊಂಡರೆ ಎಷ್ಟೋ ಬಾಕ್ಸುಗಳು ಇಳಿಯುವುದು ತಪ್ಪುತ್ತೆ.

ಮೇಷ್ಟ್ರು: ಇನ್ನೊಂದು ತೊಂದರೆ ಹೇಳೋದು ಮರೆತೆ. ಓಡ್ತಾ ಇರುವಾಗ ಥರ್ಡಿನಿಂದ ಸೆಕೆಂಡಿಗೆ ತಂದರೆ ಒಂದೊಂದು ಸಲ ಕರ್ ಅನ್ನುತ್ತೆ.

ಮೆಕ್ಯಾನಿಕ್: ಇದು ಬೇರೆ ಮಾತು, ಇದು ಬಾಕ್ಸಿನೊಳಗಿನದೇ. ಅವರು ಹೇಳಿದ್ದರಲ್ಲಿ ಇಷ್ಟು ಮಾತ್ರ ಸರಿ ಇದೆ. ಈ ಡಬ್ಬಿಯಲ್ಲಿರೋ ಉಂಗುರ ಕೈಗೆ ತಗೊಳ್ಳಿ. ಯಾವುದೋ ಗಾಡಿಯಿಂದ ತೆಗೆದ ಹಳೇ ಸಿಂಕ್ರೊ ರಿಂಗ್.

ಮೇಷ್ಟ್ರು: ಹಿತ್ತಾಳೆ. ಒಳಮೈ ಇಳಿಜಾರಾಗಿದೆ, ಅದರ ಮೇಲೆ ಕೂದಲೆಳೆಯಂಥ ಗೀರುಗಳಿವೆ. ಹೊರಗೆ ಸುತ್ತಲೂ ಹಲ್ಲು.

ಮೆಕ್ಯಾನಿಕ್: ಆ ಗೀರುಗಳೇ ಅದರ ಜೀವ. ನೀವು ಗೇರ್ ಲಿವರ್ ತಳ್ಳಿದಾಗ ಈ ಇಳಿಜಾರು ಮೈ ಗೇರಿನ ಉಕ್ಕಿನ ಕೋನಿನ ಮೇಲೆ ಹೋಗಿ ಕೂರುತ್ತೆ. ಗೀರುಗಳು ನಡುವಿನ ಆಯಿಲನ್ನು ಪಕ್ಕಕ್ಕೆ ಸರಿಸಿ ಹಿಡಿತ ಕೊಡುತ್ತವೆ. ತಿಕ್ಕಾಟದಿಂದ ಎರಡರ ವೇಗವೂ ಒಂದಾಗುತ್ತೆ. ವೇಗ ಒಂದಾಗುವವರೆಗೆ ಹೊರಗಿನ ಹಲ್ಲುಗಳು ಅಡ್ಡ ನಿಂತು ಒಳಗೆ ಬಿಡೋದಿಲ್ಲ. ಒಂದಾದ ಕೂಡಲೇ ದಾರಿ ಬಿಡುತ್ತವೆ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ, ಆದರೆ ಆ ಹೊತ್ತನ್ನು ನೀವು ಕೊಡಬೇಕು. ಲಿವರನ್ನು ಒರಟಾಗಿ ಎಳೆದು ತಳ್ಳಿದರೆ ಗೀರುಗಳು ಸವೆದು ಮೈ ನುಣುಪಾಗುತ್ತೆ. ನುಣುಪಾದ ರಿಂಗು ಗೇರಿನ ವೇಗವನ್ನು ತಡೆಯಲಾರದು. ಈ ರಿಂಗಿನಲ್ಲಿ ಗೀರು ಇನ್ನೂ ಕಾಣುತ್ತೆ, ಇನ್ನಷ್ಟು ಸವೆದಿದ್ದರೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಮೇಷ್ಟ್ರು: ಈ ಸಿಂಕ್ರೊ ಅಮೆರಿಕದಲ್ಲಿ 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಮೊದಲು ಬಂದದ್ದು. ಅದಕ್ಕೂ ಮೊದಲು ಡ್ರೈವರುಗಳೇ ಕಾಲಿನಲ್ಲಿ ವೇಗ ಹೊಂದಿಸುತ್ತಿದ್ದರು. ನಮ್ಮ ಹಳೇ ಅಂಬಾಸಿಡರ್‌ನಲ್ಲೂ ಫಸ್ಟ್ ಗೇರಿಗೆ ಸಿಂಕ್ರೊ ಇರಲಿಲ್ಲ.

ಮೆಕ್ಯಾನಿಕ್: ಹೌದು, ಗಾಡಿ ಪೂರ್ತಿ ನಿಂತ ಮೇಲೆಯೇ ಫಸ್ಟ್ ಹಾಕಬೇಕಿತ್ತು. ಓಡ್ತಾ ಇರುವಾಗ ಹಾಕಬೇಕಾದರೆ ಡಬಲ್ ಕ್ಲಚ್. ಒಮ್ಮೆ ಒತ್ತಿ ನ್ಯೂಟ್ರಲ್‌ಗೆ ತರೋದು, ಕಾಲು ಬಿಟ್ಟು ಸ್ವಲ್ಪ ಆಕ್ಸಿಲರೇಟರ್ ಕೊಡೋದು, ಮತ್ತೆ ಒತ್ತಿ ಗೇರ್ ಹಾಕೋದು. ನಿಮ್ಮ ಸೆಕೆಂಡ್ ಗೇರಿಗೆ ಈಗ ಹಾಗೇ ಮಾಡಿ ನೋಡಿ. ಸದ್ದು ಬರದಿದ್ದರೆ ಸವೆದಿರೋದು ಸಿಂಕ್ರೊ ಅಂತ ಗಟ್ಟಿಯಾಯ್ತು. ಕ್ಲಚ್ ಪೂರ್ತಿ ಬಿಡದೆ ಇಷ್ಟು ದಿನ ಓಡಿಸಿದ್ದೀರಲ್ಲ, ಪ್ರತಿ ಸಲ ಗೇರ್ ಹಾಕಿದಾಗಲೂ ಈ ಪಾಪದ ರಿಂಗು ಇಂಜಿನ್ನಿನ ಜೊತೆಯೇ ಜಗ್ಗಾಡಿದೆ. ಕೇಬಲ್ ಹಾಕಿ, ಗೇರ್ ಆಯಿಲ್ ಬದಲಾಯಿಸಿ, ಒಂದಷ್ಟು ದಿನ ಓಡಿಸೋಣ. ಕಡಿಮೆಯಾದರೂ ಆಗಬಹುದು. ಆಗದಿದ್ದರೂ ಸೆಕೆಂಡಿಗೆ ಇಳಿಸುವಾಗ ನಿಧಾನ ಮಾಡಿದರೆ ಈ ಬಾಕ್ಸ್ ಇನ್ನೂ ಬಹಳ ಕಾಲ ನಡೆಯುತ್ತೆ.

ಮೇಷ್ಟ್ರು: ಗೇರ್ ಆಯಿಲ್ ಯಾವುದಾದರೂ ನಡೆಯುತ್ತಾ?

ಮೆಕ್ಯಾನಿಕ್: ಇಲ್ಲ. ದಪ್ಪ ಎಷ್ಟು, ದರ್ಜೆ ಯಾವುದು ಅಂತ ಎರಡನ್ನೂ ಪುಸ್ತಕದಲ್ಲಿ ಬರೆದಿರ್ತಾರೆ. 75ಡಬ್ಲ್ಯು-90, ಜಿಎಲ್-4 ಅಂತ ಬರೆದಿದ್ದರೆ ಅದನ್ನೇ ಹಾಕಬೇಕು. ಜಿಎಲ್-5 ಅಂದರೆ ಸಂಖ್ಯೆ ದೊಡ್ಡದು, ಇನ್ನೂ ಒಳ್ಳೆಯದಿರಬೇಕು ಅಂತ ತಂದುಕೊಡುವವರಿದ್ದಾರೆ. ಅದರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು. ಹಿಂದಿನ ಚಕ್ರ ತಿರುಗಿಸುವ ಗಾಡಿಗಳ ಡಿಫರೆನ್ಷಿಯಲ್ಲಿಗೆ ಅದು ಬೇಕು. ಹಿತ್ತಾಳೆ ರಿಂಗಿಗೆ ಕೆಲವು ಜಿಎಲ್-5 ಆಯಿಲ್ ಒಗ್ಗಲ್ಲ, ಜಾರಿಕೆ ಹೆಚ್ಚಾಗಿ ಸಿಂಕ್ರೊ ಹಿಡಿಯೋದೂ ಇಲ್ಲ.

ಮೇಷ್ಟ್ರು: ಗಂಧಕ ತಾಮ್ರವನ್ನು ತಿನ್ನುತ್ತೆ, ಹಿತ್ತಾಳೆಯಲ್ಲಿ ತಾಮ್ರವಿದೆ. ಸರಿಹೋಗುತ್ತೆ ಲೆಕ್ಕ.

ಮೆಕ್ಯಾನಿಕ್: ಮನೆಯಲ್ಲೇ ಬದಲಾಯಿಸುವವರಿಗೆ ಒಂದು ಮಾತು. ಮೊದಲು ಮೇಲಿನ ಪ್ಲಗ್, ಆಯಿಲ್ ತುಂಬುವುದು, ಅದನ್ನು ಬಿಚ್ಚಿ ನೋಡಿಕೊಳ್ಳಬೇಕು. ಆಮೇಲೆ ಕೆಳಗಿನದು. ಕೆಳಗಿನದನ್ನು ಬಿಚ್ಚಿ ಆಯಿಲೆಲ್ಲ ಸುರಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರದಿದ್ದರೆ ಗಾಡಿ ಅಲ್ಲೇ ನಿಂತಿತು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮೇಲಿನ ತೂತಿನಿಂದ ಆಯಿಲ್ ಹೊರಗೆ ಜಿನುಗುವವರೆಗೆ ತುಂಬಬೇಕು. ಕೆಳಗಿನ ಪ್ಲಗ್ಗಿನಲ್ಲಿ ಅಯಸ್ಕಾಂತ ಇದ್ದರೆ ಅದನ್ನು ನೋಡದೆ ಒರೆಸಬೇಡಿ. ಬೂದು ಬಣ್ಣದ ನುಣುಪಾದ ಕೆಸರು ಇದ್ದರೆ ಅದು ಸಹಜವಾದ ಸವೆತ. ಉಗುರಿಗೆ ಸಿಗುವಂಥ ಉಕ್ಕಿನ ಚೂರು ಕಂಡರೆ ಯಾವುದೋ ಹಲ್ಲೋ ಬೇರಿಂಗೋ ಮುರೀತಾ ಇದೆ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ.

ಮೇಷ್ಟ್ರು: ಮುಚ್ಚಿದ ಡಬ್ಬಿಗೆ ನೀರು ಹೇಗೆ ಸೇರುತ್ತೆ?

ಮೆಕ್ಯಾನಿಕ್: ಮೇಲೆ ಉಸಿರಾಡೋಕೆ ಒಂದು ಸಣ್ಣ ದಾರಿ ಇರುತ್ತೆ. ಬಿಸಿಯಾದ ಬಾಕ್ಸು ಮಳೆಗಾಲದಲ್ಲಿ ಚಕ್ರ ಮುಳುಗುವಷ್ಟು ನೀರಿಗೆ ಇಳಿದರೆ ತಟ್ಟನೆ ತಣ್ಣಗಾಗುತ್ತೆ.

ಮೇಷ್ಟ್ರು: ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಎಳೆದುಕೊಳ್ಳುತ್ತೆ. ಗೊತ್ತಾಯ್ತು.

ಮೆಕ್ಯಾನಿಕ್: ನಮ್ಮ ಕಡೆ ಮಳೆಗಾಲದ ಇನ್ನೊಂದು ರೋಗ ಇದೆ. ಎಸ್ಟೇಟಿನ ಶೆಡ್ಡಿನಲ್ಲಿ ವಾರಗಟ್ಟಲೆ ನಿಂತ ಗಾಡಿಯ ಫ್ಲೈವೀಲಿಗೆ ತುಕ್ಕು ಬಂದು ಪ್ಲೇಟ್ ಅದಕ್ಕೇ ಅಂಟಿಕೊಳ್ಳುತ್ತೆ. ಪೆಡಲ್ ಸರಿ ಇರುತ್ತೆ, ಲಿವರೂ ಪೂರ್ತಿ ತಿರುಗುತ್ತೆ, ಆದರೆ ಇಂಜಿನ್ ಆನ್ ಇದ್ದರೆ ಗೇರ್ ಬೀಳಲ್ಲ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದರೆ ಸಾಲದು, ಗೇಟಿನವರೆಗಾದರೂ ಓಡಿಸಿ ತರಬೇಕು.

ಮೇಷ್ಟ್ರು: ಈಗ ಸ್ಲಿಪ್ ಬಗ್ಗೆ ಹೇಳು. ಎಲ್ಲರೂ ಕ್ಲಚ್ ಸ್ಲಿಪ್, ಕ್ಲಚ್ ಸ್ಲಿಪ್ ಅಂತಾರೆ.

ಮೆಕ್ಯಾನಿಕ್: ನಿಮ್ಮ ಗಾಡಿಯದಕ್ಕೆ ನೇರ ವಿರುದ್ಧ ಅದು. ನಿಮ್ಮದು ಬಿಡ್ತಾ ಇರಲಿಲ್ಲ, ಅದು ಹಿಡಿಯಲ್ಲ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ. ಖಾಲಿ ರಸ್ತೆಯಲ್ಲಿ 40 ಕಿಲೋಮೀಟರ್ ವೇಗದಲ್ಲಿ ಫೋರ್ತ್ ಗೇರಿನಲ್ಲಿ ಹೋಗ್ತಾ ಪೂರ್ತಿ ಒತ್ತಿ ನೋಡಿ. ಸದ್ದೂ ವೇಗವೂ ಒಟ್ಟಿಗೆ ನಿಧಾನವಾಗಿ ಏರಿದರೆ ಸರಿ ಇದೆ. ಸದ್ದು ಮಾತ್ರ ಒಮ್ಮೆಲೇ ಜಿಗಿದರೆ ಸ್ಲಿಪ್. ನಿಂತಲ್ಲೇ ನೋಡಬೇಕಾದರೆ, ಮುಂದೆ ಯಾರೂ ಇಲ್ಲದ ಕಡೆ ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ಕಾಲಲ್ಲೂ ಬ್ರೇಕ್ ಹಿಡಿದು, ಥರ್ಡ್ ಗೇರಿನಲ್ಲಿ ಕ್ಲಚ್ ಬಿಡಿ. ಇಂಜಿನ್ ತಕ್ಷಣ ಆಫ್ ಆಗಬೇಕು. ಓಡ್ತಾನೇ ಇದ್ದರೆ ಪ್ಲೇಟ್ ಮುಗಿದಿದೆ. ಒಂದೇ ಸಲ ಮಾಡಬೇಕು ಇದನ್ನು, ಮತ್ತೆ ಮತ್ತೆ ಮಾಡಿದರೆ ಉಳಿದದ್ದೂ ಸುಟ್ಟುಹೋಗುತ್ತೆ.

ಮೇಷ್ಟ್ರು: ಸ್ಲಿಪ್ ಆದರೆ ಇಳಿಸಲೇಬೇಕು?

ಮೆಕ್ಯಾನಿಕ್: ಅಲ್ಲೂ ಮೊದಲು ಪ್ಲೇ ನೋಡಬೇಕು. ಪ್ಲೇಟ್ ಸವೆದಷ್ಟೂ ಪ್ರೆಶರ್ ಪ್ಲೇಟ್ ಫ್ಲೈವೀಲಿನ ಕಡೆಗೆ ಸರಿಯುತ್ತೆ, ಅದರ ಬೆರಳುಗಳು ಎದುರು ದಿಕ್ಕಿಗೆ ಎದ್ದು ಬೇರಿಂಗಿಗೆ ಹತ್ತಿರವಾಗುತ್ತವೆ. ಅಂದರೆ ಕೇಬಲ್ ಹಿಗ್ಗಿದರೆ ಪ್ಲೇ ಹೆಚ್ಚುತ್ತೆ, ಪ್ಲೇಟ್ ಸವೆದರೆ ಪ್ಲೇ ಕಡಿಮೆಯಾಗುತ್ತೆ. ಪ್ಲೇ ಸೊನ್ನೆಯಾದರೆ ನಿಮ್ಮ ಕಾಲು ಪೆಡಲ್ ಮೇಲೆ ಇಲ್ಲದಿದ್ದರೂ ಬೇರಿಂಗು ಬೆರಳುಗಳನ್ನು ಒತ್ತಿಕೊಂಡೇ ಇರುತ್ತೆ. ಆಗ ಒಳ್ಳೆಯ ಪ್ಲೇಟೂ ಜಾರುತ್ತೆ. ಗೇರ್ ಸಲೀಸಾಗಿ ಬೀಳಲಿ ಅಂತ ಕೆಲವರು ನಟ್ಟನ್ನು ಕೊನೆವರೆಗೂ ಬಿಗಿಯುತ್ತಾರೆ. ಗಿರಾಕಿ ಖುಷಿಯಾಗಿ ಹೋಗ್ತಾನೆ, ಪ್ಲೇಟು ಸುಟ್ಟು ವಾಪಸ್ ಬರ್ತಾನೆ. ಪ್ಲೇ ಸರಿಮಾಡಿದ ಮೇಲೂ ಜಾರಿದರೆ ಮಾತ್ರ ಇಳಿಸೋದು.

ಮೇಷ್ಟ್ರು: ಮತ್ತೆ ಘಾಟಿಯಲ್ಲಿ ಬರುವ ಆ ವಾಸನೆ?

ಮೆಕ್ಯಾನಿಕ್: ಏರುವಾಗ ಬಂದರೆ ಅದು ಕ್ಲಚ್, ಇಳಿಯುವಾಗ ಬಂದರೆ ಬ್ರೇಕ್. ಗುಂಡ್ಯದಿಂದ ಮಾರನಹಳ್ಳಿಗೆ ಹತ್ತಿ ಬರುವ ಗಾಡಿಗಳಲ್ಲಿ ನಾನು ನೋಡೋದು ಕ್ಲಚ್ಚಿನದೇ. ಮುಂದೆ ಲಾರಿ ಕೆಟ್ಟು ನಿಂತು ಸಾಲು ಹಿಡಿದಿರುತ್ತೆ. ಹಿಂದಕ್ಕೆ ಜಾರಬಾರದು ಅಂತ ಹ್ಯಾಂಡ್‌ಬ್ರೇಕ್ ಹಾಕದೆ ಹಾಫ್ ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸಿಕೊಂಡಿರ್ತಾರೆ. ಹತ್ತು ನಿಮಿಷ ಹಾಗೆ ನಿಂತರೆ ಹೊಸ ಪ್ಲೇಟೂ ಕಪ್ಪಾಗುತ್ತೆ.

ಮೇಷ್ಟ್ರು: ಒಂದು ಲೆಕ್ಕ ಹಾಕೋಣ. ಗಾಡಿ, ಜನ ಸೇರಿ 900 ಕೆ.ಜಿ. ಎಂಟು ಅಡಿ ಹೋದರೆ ಒಂದಡಿ ಏರುವ ರಸ್ತೆ ಅಂತಿಟ್ಟುಕೊ. ಹಿಂದಕ್ಕೆ ಎಳೆಯುವ ಬಲ ಸುಮಾರು 1100 ನ್ಯೂಟನ್. ಇಂಜಿನ್ ನಿಮಿಷಕ್ಕೆ 1500 ಸುತ್ತಿನಲ್ಲಿ ಫಸ್ಟ್ ಗೇರಿನಲ್ಲಿದ್ದರೆ ಗಾಡಿ ಎಷ್ಟು ವೇಗ ಹೋಗಬೇಕು?

ಮೆಕ್ಯಾನಿಕ್: ಗಂಟೆಗೆ 10 ಕಿಲೋಮೀಟರ್ ಆಸುಪಾಸು.

ಮೇಷ್ಟ್ರು: ಅಂದರೆ ಸೆಕೆಂಡಿಗೆ 2.8 ಮೀಟರ್. ಬಲವನ್ನು ವೇಗದಿಂದ ಗುಣಿಸಿದರೆ 3000 ವಾಟ್ ದಾಟಿತು. ಗಾಡಿ ಹತ್ತಿದ್ದರೆ ಆ ಶಕ್ತಿ ಅದನ್ನು ಮೇಲೆತ್ತುತ್ತಿತ್ತು. ನಿಂತಿದ್ದರಿಂದ ಎಲ್ಲವೂ ಕ್ಲಚ್ಚಿನಲ್ಲೇ ಶಾಖವಾಗುತ್ತೆ. ಬಚ್ಚಲುಮನೆಯ ಗೀಸರ್ ಸಾಮಾನ್ಯವಾಗಿ 2000 ವಾಟಿನದು. ಒಂದೂವರೆ ಗೀಸರಿನ ಶಾಖ, ಕಾಯಿಸೋಕೆ ನೀರಿಲ್ಲ, ಒಂದು ಗೇಣೂ ಇಲ್ಲದ ಪ್ಲೇಟಿನ ಮೇಲೆ!

ಮೆಕ್ಯಾನಿಕ್: ಈ ಲೆಕ್ಕವನ್ನು ಇಲ್ಲಿ ಗೋಡೆಗೆ ಬರೆಸ್ತೀನಿ ಮೇಷ್ಟ್ರೇ. ವಾಸನೆ ಬಂದರೆ ಮಾಡಬೇಕಾದ್ದು ಇಷ್ಟೇ: ಗಾಡಿಯನ್ನು ಪಕ್ಕಕ್ಕೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ಕ್ಲಚ್ಚಿನಿಂದ ಕಾಲು ತೆಗೆಯಿರಿ. ಅರ್ಧ ಗಂಟೆ ತಣ್ಣಗಾಗಲಿ. ನೀರು ಹೊಯ್ಯಬೇಡಿ, ಬಿಸಿ ಉಕ್ಕು ಸೊಟ್ಟಗಾಗುತ್ತೆ. ಮತ್ತೆ ಹೊರಡುವಾಗ ಹ್ಯಾಂಡ್‌ಬ್ರೇಕ್ ಎಳೆದೇ ಇದ್ದು, ಕ್ಲಚ್ ಕಚ್ಚಿ ಗಾಡಿಯ ಮೂತಿ ಸ್ವಲ್ಪ ಎದ್ದ ಮೇಲೆ ಬ್ರೇಕ್ ಬಿಡಿ, ಕೂಡಲೇ ಕ್ಲಚ್ಚಿನಿಂದ ಪೂರ್ತಿ ಕಾಲು ತೆಗೆಯಿರಿ. ಇಳಿಯುವಾಗಲೂ ಕ್ಲಚ್ ಒತ್ತಿಕೊಂಡು ಇಳಿಯಬಾರದು. ಇಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತೆ, ಜೀವಕ್ಕೇ ಅಪಾಯ.

ಮೇಷ್ಟ್ರು: ನನ್ನ ಎಡಗಾಲು ಯಾವಾಗಲೂ ಪೆಡಲ್ ಮೇಲೇ ಇರುತ್ತೆ. ಒತ್ತೋದಿಲ್ಲ, ಸುಮ್ಮನೆ ಇಟ್ಟಿರ್ತೀನಿ.

ಮೆಕ್ಯಾನಿಕ್: ಸುಮ್ಮನೆ ಇಟ್ಟ ಕಾಲಿನ ಭಾರವೇ ಪ್ಲೇಯನ್ನು ತಿಂದು ಬೇರಿಂಗನ್ನು ಬೆರಳುಗಳಿಗೆ ತಾಗಿಸುತ್ತೆ. ಗೇರ್ ಹಾಕಿದ ಮೇಲೆ ಕಾಲು ಪಕ್ಕಕ್ಕೆ ಬರಬೇಕು. ಗೇರ್ ಲಿವರ್ ಮೇಲೆ ಕೈ ಇಟ್ಟುಕೊಂಡು ಓಡಿಸೋದೂ ಅಷ್ಟೇ, ತಿರುಗ್ತಾ ಇರೋ ಭಾಗಕ್ಕೆ ಒಳಗಿನ ಫೋರ್ಕು ಒತ್ತಿ ಸವೆಯುತ್ತೆ. ಸಿಗ್ನಲ್ಲಿನಲ್ಲಿ ಗೇರ್ ಹಾಕಿ ಕ್ಲಚ್ ಒತ್ತಿ ಕಾಯೋ ಬದಲು ನ್ಯೂಟ್ರಲ್ ಮಾಡಿ. ನಿಮ್ಮ ಮಗ ಬೆಂಗಳೂರಿನಲ್ಲಿ ಇದನ್ನೊಂದು ರೂಢಿ ಮಾಡಿಕೊಂಡರೆ ಸಾಕು.

ಮೇಷ್ಟ್ರು: ಅವನ ಗಾಡಿಯಲ್ಲಿ ಕೇಬಲ್ ಇಲ್ಲವಂತೆ.

ಮೆಕ್ಯಾನಿಕ್: ಹೈಡ್ರಾಲಿಕ್ ಇರಬೇಕು. ಅದರಲ್ಲಿ ಕೇಬಲ್ಲಿನ ಕೆಲಸ ಬ್ರೇಕ್ ಆಯಿಲಿನದು. ಪೆಡಲ್ ಮೆತ್ತಗಾಗಿ, ನಾಲ್ಕು ಸಲ ಪಂಪ್ ಮಾಡಿದ ಮೇಲೆ ಗೇರ್ ಬಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಸಿಲಿಂಡರಿನ ರಬ್ಬರ್ ಹೋಗಿದೆ. ಪೆಡಲಿನ ಮೇಲ್ಭಾಗದಲ್ಲಿ ಒಳಗಡೆ ಒದ್ದೆಯಾಗಿದೆಯಾ ಅಂತ ಕೈ ಹಾಕಿ ನೋಡಬೇಕು. ಎಷ್ಟೋ ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ, ಹಾಗಾಗಿ ಸೋರಿಕೆಯನ್ನು ಒಂದು ದಿನವೂ ಮುಂದೂಡಬಾರದು. ಆ ಆಯಿಲಿನಲ್ಲಿ ಡಾಟ್ 3, ಡಾಟ್ 4 ಅಂತ ಬಗೆಗಳಿವೆ, ಮುಚ್ಚಳದ ಮೇಲೆ ಏನು ಬರೆದಿದೆಯೋ ಅದನ್ನೇ ಹಾಕಬೇಕು. ಗಾಳಿಯ ತೇವ ಹೀರಿಕೊಳ್ಳುವ ಗುಣ ಅದಕ್ಕೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು.

ಮೇಷ್ಟ್ರು: ಸದ್ದುಗಳನ್ನೂ ಹೇಳಿಬಿಡು. ನಮ್ಮಂಥವರಿಗೆ ಎಲ್ಲ ಸದ್ದೂ ಒಂದೇ.

ಮೆಕ್ಯಾನಿಕ್: ಯಾವಾಗ ಬರುತ್ತೆ ಅಂತ ನೋಡಿದರೆ ಎಲ್ಲಿಂದ ಬರುತ್ತೆ ಅಂತ ತಿಳಿಯುತ್ತೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಓಡ್ತಿರಲಿ. ಕ್ಲಚ್ ಒತ್ತಿದಾಗ ಶುರುವಾಗುವ ಸದ್ದು ರಿಲೀಸ್ ಬೇರಿಂಗಿನದು. ಒತ್ತಿದಾಗ ನಿಂತು, ಬಿಟ್ಟಾಗ ಬರುವ ಸದ್ದು ಗೇರ್‌ಬಾಕ್ಸಿನ ಮುಂದಿನ ಶಾಫ್ಟಿನ ಬೇರಿಂಗಿನದು. ಒಂದೇ ಗೇರಿನಲ್ಲಿ ಕೂಗಿದರೆ ಆ ಗೇರಿನದು. ನ್ಯೂಟ್ರಲ್‌ನಲ್ಲಿ ಉರುಳುವಾಗಲೂ ಚಕ್ರದ ವೇಗಕ್ಕೆ ತಕ್ಕ ಹಾಗೆ ಗುಂಯ್ ಅಂದರೆ ಚಕ್ರದ ಬೇರಿಂಗೋ ಡಿಫರೆನ್ಷಿಯಲ್ಲೋ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕಟಕ ಅಂದರೆ ಆಕ್ಸಲ್ ಜಾಯಿಂಟ್. ಇದನ್ನೂ ಗೇರ್‌ಬಾಕ್ಸ್ ಅಂತ ಬಿಚ್ಚಿಸಿದವರಿದ್ದಾರೆ. ಹೊರಡುವಾಗ ಗಾಡಿ ಗಡಗಡ ನಡುಗಿದರೆ ಪ್ಲೇಟಿಗೆ ಆಯಿಲ್ ತಾಗಿರಬಹುದು, ಆದರೆ ಅದಕ್ಕೂ ಮೊದಲು ಇಂಜಿನ್ ಮೌಂಟಿಂಗ್ ನೋಡಬೇಕು. ರಬ್ಬರ್ ಹರಿದ ಮೌಂಟಿಂಗಿನಿಂದ ಗೇರ್ ತಾನಾಗಿ ಜಿಗಿದು ನ್ಯೂಟ್ರಲ್‌ಗೆ ಬರೋದೂ ಉಂಟು.

ಮೇಷ್ಟ್ರು: ಒಂದು ವೇಳೆ ಕೇಬಲ್ ದಾರಿಯಲ್ಲೇ ತುಂಡಾಗಿದ್ದರೆ?

ಮೆಕ್ಯಾನಿಕ್: ಘಾಟಿಯಲ್ಲಾದರೆ ಪಕ್ಕಕ್ಕೆ ತಳ್ಳಿ ಫೋನ್ ಮಾಡಬೇಕು, ಅಲ್ಲಿ ಸಾಹಸ ಬೇಡ. ಖಾಲಿಯಾದ ಸಮತಟ್ಟು ರಸ್ತೆಯಲ್ಲಾದರೆ, ಇಂಥ ಹಳೇ ಗಾಡಿಯನ್ನು ಫಸ್ಟ್ ಗೇರಿನಲ್ಲಿಟ್ಟು ಕೀ ತಿರುಗಿಸಿದರೆ ಮುಗ್ಗರಿಸಿಕೊಂಡು ಸ್ಟಾರ್ಟ್ ಆಗಿ ಹೊರಡುತ್ತೆ. ಆಕ್ಸಿಲರೇಟರ್ ಬಿಟ್ಟು ನ್ಯೂಟ್ರಲ್‌ಗೆ ಜಾರಿಸಿ, ಇಂಜಿನ್ ಸದ್ದು ಇಳಿಯುವವರೆಗೆ ಕಾದು, ಸೆಕೆಂಡನ್ನು ಮೆಲ್ಲಗೆ ಒತ್ತಿ ಹಿಡಿದರೆ ಬೀಳುತ್ತೆ. ನಿಲ್ಲುವ ಮೊದಲು ನ್ಯೂಟ್ರಲ್. ಹತ್ತಿರದ ಗ್ಯಾರೇಜಿನವರೆಗೆ ಮಾತ್ರ. ಕ್ಲಚ್ ಒತ್ತದೆ ಸ್ಟಾರ್ಟೇ ಆಗದ ಹೊಸ ಗಾಡಿಗಳಲ್ಲಿ ಈ ದಾರಿ ಇಲ್ಲ.

ಮೇಷ್ಟ್ರು: ನಿಜವಾಗಿಯೂ ಇಳಿಸಬೇಕಾಗಿ ಬಂದಾಗ ನಾನು ಏನು ಕೇಳಬೇಕು?

ಮೆಕ್ಯಾನಿಕ್: ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಬೇರಿಂಗ್ ಒಂದನ್ನು ಉಳಿಸಿಕೊಂಡು ಅದು ನಾಳೆ ಕೂಗಿದರೆ ಮತ್ತೆ ಅಷ್ಟೇ ಕೂಲಿ. ಆ ಬೇರಿಂಗನ್ನು ಪೆಟ್ರೋಲಿನಲ್ಲಿ ತೊಳೆಯೋಕೆ ಬಿಡಬೇಡಿ, ಒಳಗಿನ ಗ್ರೀಸ್ ಕರಗಿಹೋಗುತ್ತೆ. ಇಂಜಿನ್ನಿನ ಹಿಂದಿನ ಆಯಿಲ್ ಸೀಲ್ ಒದ್ದೆ ಇದ್ದರೆ ಆಗಲೇ ಬದಲಾಯಿಸಿ, ಇಲ್ಲದಿದ್ದರೆ ಹೊಸ ಪ್ಲೇಟಿಗೂ ಆಯಿಲ್ ತಾಗುತ್ತೆ. ಫ್ಲೈವೀಲಿನಲ್ಲಿ ನೀಲಿ ಕಲೆ, ಬಿರುಕು ಇದೆಯಾ ನೋಡಿ. ಬಾಕ್ಸನ್ನು ಮತ್ತೆ ಏರಿಸುವಾಗ ಕೆಳಗೆ ಜಾಕ್ ಕೊಟ್ಟೇ ಏರಿಸಬೇಕು. ಅದರ ಭಾರ ಪ್ಲೇಟಿನ ಮೇಲೆ ನೇತಾಡಿದರೆ ಹೊಸ ಪ್ಲೇಟ್ ಬಾಗಿ, ಗೇರ್ ಬೀಳದ ರೋಗ ಮೊದಲ ದಿನವೇ ಬರುತ್ತೆ. ಇನ್ನೊಂದು, ಒಳಗಿನ ದೂಳನ್ನು ಗಾಳಿ ಹೊಡೆದು ಹಾರಿಸೋಕೆ ಹುಡುಗರನ್ನು ಬಿಡಬಾರದು. ಹಳೇ ಪ್ಲೇಟುಗಳಲ್ಲಿ ಕಲ್ನಾರು ಇರುತ್ತಿತ್ತು. ಶ್ವಾಸಕೋಶಕ್ಕೆ ಸೇರಿದರೆ ಹೊರಗೆ ಬರಲ್ಲ, ಕ್ಯಾನ್ಸರೇ ಬರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಇಲ್ಲಿ ನನ್ನ ಹುಡುಗರಿಗೆ ಇದರಲ್ಲಿ ರಿಯಾಯಿತಿ ಇಲ್ಲ.

ಮೇಷ್ಟ್ರು: ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದರೆ ಕಡಿಮೆಗೆ ಸಿಗುತ್ತಂತೆ.

ಮೆಕ್ಯಾನಿಕ್: ಅಲ್ಲಿ ಒಳ್ಳೆಯದೂ ಸಿಗುತ್ತೆ, ಡೂಪ್ಲಿಕೇಟೂ ಸಿಗುತ್ತೆ. ಬಿಲ್ ಕೊಡುವ ಅಂಗಡಿಯಲ್ಲಿ ಮಾತ್ರ ಕೊಳ್ಳಿ. ಕ್ಲಚ್ಚಿನಲ್ಲಿ ಸಾಮಾನಿನ ಬೆಲೆ ಉಳಿಸಿ ಕೂಲಿ ಎರಡು ಸಲ ಕೊಡೋದು ಲಾಭವಲ್ಲ. ಹಳೇ ಪ್ಲೇಟನ್ನು ಕೇಳಿ ಇಸಕೊಳ್ಳಿ, ಅದು ನಿಮ್ಮ ವಸ್ತು. ರಿವೆಟ್ಟಿನ ತಲೆಯ ಮೇಲೆ ಇನ್ನೂ ದಪ್ಪ ಪದರ ಉಳಿದಿದ್ದರೆ, ಆಯಿಲೂ ತಾಗಿಲ್ಲದಿದ್ದರೆ, ಯಾಕೆ ಇಳಿಸಿದಿರಿ ಅಂತ ಕೇಳುವ ಹಕ್ಕು ನಿಮಗಿದೆ. ಅರ್ಧ ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ ಇಳಿಸಿದ್ದು ಸರಿ.

ಮೇಷ್ಟ್ರು: ನಾಲ್ಕು ಜನರಿಗೆ ಹೇಳ್ತೀನಿ ಇದನ್ನು.

ಮೆಕ್ಯಾನಿಕ್: ಒಂದೇ ಮಾತು ಹೇಳಿ ಮೇಷ್ಟ್ರೇ. ಗೇರ್‌ಬಾಕ್ಸ್ ಇಳಿಸಬೇಕು ಅಂತ ಯಾರೇ ಹೇಳಲಿ, ನಾನೇ ಹೇಳಲಿ, ಒಪ್ಪುವ ಮೊದಲು ಇಂಜಿನ್ ಆಫ್ ಮಾಡಿ ಒಮ್ಮೆ, ಆನ್ ಮಾಡಿ ಒಮ್ಮೆ ಗೇರ್ ಹಾಕಿ ತೋರಿಸಿ ಅನ್ನಲಿ. ಬಾನೆಟ್ ಎತ್ತಿಸಿ, ಪೆಡಲ್ ಒತ್ತಿದಾಗ ಲಿವರ್ ಎಷ್ಟು ತಿರುಗುತ್ತೆ ಅಂತ ತಾವೇ ನಿಂತು ನೋಡಲಿ. ತೋರಿಸೋಕೆ ಒಪ್ಪದ ಗ್ಯಾರೇಜಿನಲ್ಲಿ ಗಾಡಿ ಬಿಡೋದು ಬೇಡ.